ಗಾಜಿನ ಬಣ್ಣ ಆರಿಸುವ ಮುನ್ನ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ತಾಲ್ಲೂಕು ಕೇಂದ್ರದ ಸಹಕಾರ ಸಂಸ್ಥೆಯೊಂದರ ಹೊಸ ಕಟ್ಟಡದ ಮುಂದೆ ಹಿರಿಯ ಕೃಷಿಕರೊಬ್ಬರು ನಿಂತಿದ್ದರು. ಬೆಳೆಸಾಲದ ನವೀಕರಣಕ್ಕೆಂದು ಬೆಳಗಿನ ಬಸ್ಸು ಹತ್ತಿ ಬಂದವರು. ಅವರ ಎದುರಿಗೆ ನೆಲದಿಂದ ಮಾಳಿಗೆಯವರೆಗೆ ಕಪ್ಪು ಗಾಜಿನ ಗೋಡೆ. ಅದರಲ್ಲಿ ಅವರಿಗೆ ಕಂಡದ್ದು ತಮ್ಮದೇ ಮುಖ ಮತ್ತು ಬೆನ್ನ ಹಿಂದಿನ ರಸ್ತೆ. ಬಾಗಿಲು ಎಲ್ಲಿದೆ, ಕಚೇರಿ ತೆರೆದಿದೆಯೋ ಮುಚ್ಚಿದೆಯೋ, ಒಳಗೆ ಜನರಿದ್ದಾರೋ ಇಲ್ಲವೋ ಒಂದೂ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಕಾದು, ಕೊನೆಗೆ ಗಾಜನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಕಾವಲುಗಾರ ಬಾಗಿಲು ತೆರೆದ. ಒಳಗೆ ಹೊರಗಿನ ಬಿಸಿಲಿನ ಸುಳಿವೇ ಇರಲಿಲ್ಲ. ಸಾಲು ದೀಪಗಳು ಉರಿಯುತ್ತಿದ್ದವು. "ಏನ್ ಮಾರಾಯಾ, ನಿಮ್ಮಲ್ಲಿ ಆಗಲೇ ಮಳೆಗಾಲ ಬಂತಾ?" ಎಂದು ಅವರು ಕೇಳಿದರು. ಅಲ್ಲಿದ್ದವರೆಲ್ಲ ನಕ್ಕರು.

ಆ ಸಂಸ್ಥೆಯ ಬಂಡವಾಳ ಅವರದೇ, ಅವರಂಥ ಸಾವಿರಾರು ಸದಸ್ಯರದೇ. ತನ್ನದೇ ಮನೆಯ ಬಾಗಿಲನ್ನು ಪರರ ಮನೆಯ ಬಾಗಿಲಿನಂತೆ ತಟ್ಟಬೇಕಾಗಿ ಬಂದದ್ದು ನಗೆಯಲ್ಲಿ ಕಳೆದುಹೋಗಬೇಕಾದ ಸಂಗತಿಯೆಂದು ನಮಗೆ ತೋರಲಿಲ್ಲ.

ಇದಾಗಿ ಕೆಲವು ತಿಂಗಳಿಗೆ ನೆರೆಯ ಊರಿನ ಇನ್ನೊಂದು ಸಂಘದ ಕಟ್ಟಡ ಸಮಿತಿಯ ಸದಸ್ಯರು ನಮ್ಮ ಬಳಗದ ಕಚೇರಿಗೆ ಬಂದರು. ಅಂಗೈಯಗಲದ ಐದು ಗಾಜಿನ ತುಂಡುಗಳನ್ನು ಮೇಜಿನ ಮೇಲೆ ಹರಡಿದರು: ಬೂದು, ಕಂಚು, ಹಸಿರು, ನೀಲಿ ಮತ್ತು ಕನ್ನಡಿಯಂತೆ ಹೊಳೆಯುವ ಒಂದು. "ಮುಂಭಾಗದ ಲಾಬಿಗೆ ಇವುಗಳಲ್ಲಿ ಯಾವುದು ಪರಿಸರಕ್ಕೆ ಒಳ್ಳೆಯದು, ಹೇಳಿ" ಎಂದರು. ಕಾಡು, ಹೊಳೆ, ಗಣಿಗಾರಿಕೆಗಳ ಬಗ್ಗೆ ಬರೆಯುವ ನಮಗೂ ಗಾಜಿನ ಬಣ್ಣಕ್ಕೂ ಏನು ಸಂಬಂಧವೆಂದು ಮೊದಲು ಅನ್ನಿಸಿತು. ಯೋಚಿಸುತ್ತ ಹೋದಂತೆ ಆ ಪ್ರಶ್ನೆ ನಮ್ಮ ಹೊಳೆಗಳ ದಡಕ್ಕೇ ಬಂದು ನಿಂತಿತು. ಅವರಿಗೆ ಅಂದು ಅರ್ಧ ಹೇಳಿ ಕಳುಹಿಸಿದ ಉತ್ತರವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇವೆ.

ಗಾಜಿಗೆ ಅಂಟಿಸುವ ಕಪ್ಪು ಹಾಳೆಯನ್ನು ನಮ್ಮ ಪೇಟೆಗಳಲ್ಲಿ 'ಕೂಲಿಂಗ್ ಪೇಪರ್' ಎಂದು ಕರೆಯುವುದುಂಟು. ಕಾರುಗಳ ಕಿಟಕಿಯಿಂದ ಬಂದ ಹೆಸರು ಅದು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಾಹನಗಳಿಗೆ ಅಂಥ ಹಾಳೆ ಅಂಟಿಸುವುದನ್ನು ನಿಷೇಧಿಸಿದಾಗ ರಸ್ತೆಗಳಲ್ಲಿ ಪೊಲೀಸರು ಅವನ್ನು ಕೀಳಿಸಿದ್ದು ಹಲವರ ನೆನಪಿನಲ್ಲಿರಬಹುದು. ಆ ತೀರ್ಪು ವಾಹನಗಳಿಗೆ ಮಾತ್ರ ಸಂಬಂಧಿಸಿದ್ದು. ಕಟ್ಟಡಗಳ ಗಾಜು ಕಪ್ಪಾಗುತ್ತಲೇ ಹೋಯಿತು. ಹೆಸರಿನಲ್ಲಿಯೇ ತಂಪು ಇರುವುದರಿಂದ, ಗಾಜು ಎಷ್ಟು ಕಪ್ಪೋ ಒಳಗೆ ಅಷ್ಟು ತಂಪು ಎಂಬ ನಂಬಿಕೆ ಬೆಳೆದಿದೆ. ಈ ನಂಬಿಕೆಯೇ ತಪ್ಪಿನ ಮೂಲ.

ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಬೆಳಕು ಒಂದು ಪಾಲು ಮಾತ್ರ. ಸೂರ್ಯನಿಂದ ನಮಗೆ ತಲುಪುವ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಬರುತ್ತದೆ. ಗಾಜು ಬೆಳಕನ್ನು ಎಷ್ಟು ಬಿಡುತ್ತದೆಂಬುದನ್ನು ನೋಡಿ ಅದು ಶಾಖವನ್ನು ಎಷ್ಟು ಬಿಡುತ್ತದೆಂದು ಹೇಳಲಾಗದು. ಮೇಲಾಗಿ, ಬಣ್ಣದ ಗಾಜು ಬಿಸಿಲನ್ನು ಹಿಂದಕ್ಕೆ ಅಟ್ಟುವುದಿಲ್ಲ. ಬಹುಪಾಲು ತಾನೇ ಹೀರಿಕೊಳ್ಳುತ್ತದೆ. ಹೀರಿದ ಗಾಜು ಕಾಯುತ್ತದೆ. ಕಾದ ಗಾಜು ತನ್ನ ಶಾಖದ ಒಂದು ಭಾಗವನ್ನು ಹೊರಕ್ಕೂ ಮತ್ತೊಂದು ಭಾಗವನ್ನು ಒಳಕ್ಕೂ ಬಿಡುತ್ತದೆ. ಸಂಜೆ ನಾಲ್ಕು ಗಂಟೆಗೆ ಪಶ್ಚಿಮಾಭಿಮುಖವಾದ ಕಪ್ಪು ಗಾಜಿನ ಒಳಮೈಗೆ ಅಂಗೈ ಇಟ್ಟು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗಾಜಿನ ಗುಣವನ್ನು ಅಳೆಯಲು ಎರಡು ಸಂಖ್ಯೆಗಳಿವೆ. ತಯಾರಕರ ಪಟ್ಟಿಯಲ್ಲಿ ಅವು ಇದ್ದೇ ಇರುತ್ತವೆ, ಕೇಳುವವರು ಬೇಕು. ಕಾಣುವ ಬೆಳಕಿನಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದನ್ನು ಹೇಳುವುದು ವಿ.ಎಲ್.ಟಿ. ಬಿಸಿಲಿನ ಒಟ್ಟು ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದನ್ನು ಹೇಳುವುದು ಎಸ್.ಎಚ್.ಜಿ.ಸಿ. ಆರು ಮಿಲಿಮೀಟರ್ ದಪ್ಪದ ಬಣ್ಣವಿಲ್ಲದ ಗಾಜು ಬೆಳಕಿನ ಸುಮಾರು ಶೇಕಡಾ 88 ಪಾಲನ್ನೂ ಶಾಖದ ಸುಮಾರು ಶೇಕಡಾ 82 ಪಾಲನ್ನೂ ಒಳಗೆ ಬಿಡುತ್ತದೆ. ಅದೇ ದಪ್ಪದ ಬೂದು ಗಾಜು ಬೆಳಕನ್ನು ಸುಮಾರು ಶೇಕಡಾ 45ಕ್ಕೆ ಇಳಿಸಿದರೂ ಶಾಖವನ್ನು ಇಳಿಸುವುದು ಶೇಕಡಾ 58ರ ಆಸುಪಾಸಿಗೆ ಮಾತ್ರ. ಅಂದರೆ ಬೆಳಕು ಅರ್ಧವಾಯಿತು, ಶಾಖ ಅರ್ಧವಾಗಲಿಲ್ಲ. ಹಸಿರು ಗಾಜು ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ತಡೆದು, ಬೆಳಕನ್ನು ಶೇಕಡಾ 75ರಷ್ಟು ಉಳಿಸಿಕೊಡುತ್ತದೆ. ತೆಳು ಲೋಹಲೇಪವಿರುವ, ಅವಕೆಂಪು ಕಿರಣವನ್ನಷ್ಟೇ ಆಯ್ದು ತಡೆಯುವ ಇಂದಿನ ಉತ್ತಮ ಜೋಡಿಗಾಜುಗಳು ಬೆಳಕಿನ ಅರ್ಧವನ್ನು ಬಿಟ್ಟು ಶಾಖವನ್ನು ಶೇಕಡಾ 27ರ ಸಮೀಪಕ್ಕೆ ಇಳಿಸಬಲ್ಲವು. ಬೆಲೆಯೂ ಅದಕ್ಕೆ ತಕ್ಕಂತಿರುತ್ತದೆ. ಮೇಜಿನ ಮೇಲಿನ ಐದು ತುಂಡುಗಳಲ್ಲಿ ಒಂದನ್ನು ಎತ್ತಿಕೊಳ್ಳಲೇಬೇಕಾಗಿದ್ದರೆ ತಿಳಿಹಸಿರನ್ನು ಎತ್ತಿಕೊಳ್ಳಿ ಎನ್ನುತ್ತೇವೆ. ಆದರೆ ಪ್ರಶ್ನೆ ಅಲ್ಲಿಂದ ಆರಂಭವಾಗಬಾರದು.

ಒಂದು ಸ್ಥೂಲ ಲೆಕ್ಕ ಮಾಡೋಣ. ಹತ್ತು ಅಡಿ ಎತ್ತರ, ಇಪ್ಪತ್ತು ಅಡಿ ಅಗಲದ ಗಾಜಿನ ಗೋಡೆ ಪಶ್ಚಿಮಕ್ಕೆ ಮುಖ ಮಾಡಿದೆ ಎನ್ನಿ. ಏಪ್ರಿಲ್ ತಿಂಗಳ ಮೋಡವಿಲ್ಲದ ಸಂಜೆ ಆ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು 600 ವ್ಯಾಟ್ ಬಿಸಿಲು ಬೀಳುತ್ತದೆ ಎಂದು ಇಟ್ಟುಕೊಂಡರೆ, ಒಟ್ಟು 11 ಕಿಲೋವ್ಯಾಟ್ ಆಯಿತು. ಬಣ್ಣವಿಲ್ಲದ ಗಾಜಿನಿಂದ 9 ಕಿಲೋವ್ಯಾಟ್ ಶಾಖ ಒಳಗೆ ಬರುತ್ತದೆ. ಒಂಬತ್ತು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಕಾಯಲು ಇಟ್ಟಂತೆ. ಬೂದು ಗಾಜು ಹಾಕಿದರೆ ಆರೂವರೆ ಇಸ್ತ್ರಿಪೆಟ್ಟಿಗೆಗಳು. ಉತ್ತಮ ಜೋಡಿಗಾಜು ಹಾಕಿದರೆ ಮೂರು. ಈಗ ಬಣ್ಣವಿಲ್ಲದ ಗಾಜನ್ನೇ ಇಟ್ಟು, ಅದರ ಹೊರಗೆ ಬಿಸಿಲಿನ ಮುಕ್ಕಾಲು ಪಾಲನ್ನು ತಡೆಯುವ ನೆರಳೊಂದನ್ನು ಕಲ್ಪಿಸಿ ನೋಡಿ. ಒಳಗೆ ಬರುವುದು ಎರಡೂಕಾಲು ಕಿಲೋವ್ಯಾಟ್ ಮಾತ್ರ. ಒಂದು ಟನ್ನಿನ ಹವಾನಿಯಂತ್ರಕ ಹೊರಹಾಕುವ ಶಾಖ ಸುಮಾರು ಮೂರೂವರೆ ಕಿಲೋವ್ಯಾಟ್ ಎಂಬುದನ್ನು ನೆನಪಿಟ್ಟರೆ ಯಾವ ಗೋಡೆಗೆ ಎಷ್ಟು ಯಂತ್ರ ಬೇಕಾಗುತ್ತದೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಬಲ್ಲರು. ಅತ್ಯಂತ ಬೆಲೆಬಾಳುವ ಗಾಜಿಗಿಂತ ಹೊರಗಿನ ನೆರಳು ಹೆಚ್ಚು ಕೆಲಸ ಮಾಡುತ್ತದೆ. ಕಾರಣ ಸರಳ: ಗಾಜು ಬಿಸಿಲನ್ನು ಎದುರಿಸುವುದು ಅದು ಮನೆಯ ಮೈಮುಟ್ಟಿದ ಮೇಲೆ; ನೆರಳು ಅದನ್ನು ಅಂಗಳದಲ್ಲೇ ನಿಲ್ಲಿಸುತ್ತದೆ.

ಇದು ಮಲೆನಾಡಿಗೆ ಹೊಸ ವಿದ್ಯೆಯಲ್ಲ. ಲಾಬಿ ಎನ್ನುವ ಜಾಗಕ್ಕೆ ನಮ್ಮ ಮನೆಗಳಲ್ಲಿ ಮೊಗಸಾಲೆ ಎಂಬ ಮಾತಿದೆ. ಅದರ ಮುಂದೆ ಜಗಲಿ, ಜಗಲಿಯ ಮೇಲೆ ಬಾಗಿದ ಸೂರು. ಸೂರನ್ನು ತಲೆ ತಗ್ಗಿಸಿ ನಡೆಯುವಷ್ಟು ಇಳಿಸಿದ್ದು ಎರಚಲು ಮಳೆ ಮತ್ತು ಇಳಿಬಿಸಿಲು ಎರಡನ್ನೂ ಬಲ್ಲವರು. ಅಡಿಕೆಯ ಸೋಗೆ ಹೊದಿಸಿದ ಅಂಗಳದ ಚಪ್ಪರ ಬೇಸಿಗೆಯುದ್ದಕ್ಕೂ ಗೋಡೆಯ ಕಾವನ್ನು ತಗ್ಗಿಸುತ್ತಿತ್ತು. ಮಳೆಗಾಲಕ್ಕೆ ಅದೇ ಸೋಗೆಯ ತಟ್ಟಿ ಗೋಡೆಯನ್ನು ಕಾಯುತ್ತಿತ್ತು. ನಾವು ಇರುವುದು ಉತ್ತರ ಅಕ್ಷಾಂಶ 14 ಡಿಗ್ರಿಯ ಆಸುಪಾಸಿನಲ್ಲಿ. ಬೇಸಿಗೆಯ ನಡುಹಗಲಿನ ಸೂರ್ಯ ನೆತ್ತಿಯ ಸಮೀಪ ಇರುವುದರಿಂದ ಸಾಧಾರಣ ಸೂರು ಸಾಕು. ಮಾಗಿಯಲ್ಲಿ ಆತ ದಕ್ಷಿಣಕ್ಕೆ ವಾಲಿದರೂ ನಡುಹಗಲಿನಲ್ಲಿ ಸಾಕಷ್ಟು ಎತ್ತರದಲ್ಲೇ ಇರುತ್ತಾನೆ. ಅದಕ್ಕೂ ಸೂರು ಸಾಕು. ತೊಂದರೆ ಕೊಡುವವನು ಸಂಜೆಯ ಪಶ್ಚಿಮದ ಸೂರ್ಯ. ಆತ ಸೂರಿನ ಕೆಳಗೆ ನುಸುಳಿ ಬರುತ್ತಾನೆ. ಅವನಿಗೆ ಮರ ಬೇಕು, ನಿಲುವು ಪಟ್ಟಿಗಳ ಜಾಲರಿ ಬೇಕು, ಅಗಲವಾದ ಜಗಲಿ ಬೇಕು. ಇವಾವುವೂ ಸಾಧ್ಯವಿಲ್ಲದಲ್ಲಿ ಕೊನೆಗೆ ಗಾಜಿನ ಬಣ್ಣ ಬೇಕು. ರಸ್ತೆ ಯಾವ ದಿಕ್ಕಿಗಿದ್ದರೆ ಆ ದಿಕ್ಕಿಗೆ ಗಾಜು ಎಂಬುದು ಈಗ ನಡೆದಿರುವ ರೂಢಿ. ಅದು ಬೇರೆ ಊರಿನ ನಕ್ಷೆಯನ್ನು ನಮ್ಮ ಮಣ್ಣಿನ ಮೇಲೆ ಇಳಿಸಿದ ರೂಢಿ.

ಇನ್ನು ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಕಪ್ಪು. ಬೇಸಿಗೆಯ ಎರಡು ತಿಂಗಳ ಬಿಸಿಲಿಗೆ ಹೆದರಿ ಅಂಟಿಸಿದ ಕಪ್ಪು ಹಾಳೆ ನಾಲ್ಕು ತಿಂಗಳು ಮೋಡದ ಬೆಳಕನ್ನೂ ಹೊರಗಿಡುತ್ತದೆ. ಆಗ ದೀಪ ಉರಿಸಬೇಕು. ಗಾಜು ತೆರೆಯಲು ಬಾರದಂತೆ ಜಡಿದಿದ್ದರೆ ತೇವ ಒಳಗೇ ನಿಂತು ಗೋಡೆಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಮತ್ತೆ ಯಂತ್ರ ಓಡಬೇಕು. ಗಾಳಿಯಾಡುವ ಮೊಗಸಾಲೆಗೆ ಮಲೆನಾಡಿನಲ್ಲಿ ವರ್ಷದ ಬಹುಕಾಲ ಹವಾನಿಯಂತ್ರಕದ ಅಗತ್ಯವೇ ಇಲ್ಲ. ಅಗತ್ಯವನ್ನು ಗಾಜು ಹುಟ್ಟಿಸುತ್ತದೆ.

ಒಂದು ಊರಿನ ಒಂದು ಲಾಬಿಯ ವಿದ್ಯುತ್ತು ಎಷ್ಟು ಮಹಾ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಒಂದು ಲಾಬಿಯಿಂದ ಹೊಳೆ ಬತ್ತುವುದಿಲ್ಲ. ಆದರೆ ಬೆಂಗಳೂರಿನ ಹೊರವಲಯದಲ್ಲಿ ಮೈಲಿಗಟ್ಟಲೆ ಹಬ್ಬಿರುವ ಗಾಜಿನ ಗೋಪುರಗಳೂ ಒಂದೊಂದಾಗಿಯೇ ಎದ್ದವು. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದ, ಹಿಂದೆ ಫ್ಯಾನ್ ಕೂಡ ಬೇಡವೆನ್ನುತ್ತಿದ್ದ ಊರಿನಲ್ಲಿ ಇಂದು ಕಚೇರಿಗಳು ಹಗಲೆಲ್ಲ ಯಂತ್ರದ ತಂಪಿನಲ್ಲಿವೆ. ಅದರ ಬೆಲೆಯಲ್ಲಿ ನಮ್ಮ ಪಾಲೂ ಇದೆ. ಜೋಗದ ವಿದ್ಯುದಾಗಾರ 1948ರಲ್ಲಿ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಸಾವಿರಾರು ಕುಟುಂಬಗಳು ಗದ್ದೆ, ತೋಟ, ದೇವಸ್ಥಾನಗಳನ್ನು ನೀರಿಗೆ ಬಿಟ್ಟು ಹೊರಟವು. 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ದಶಕಗಳ ಕಾಲ ನಾಡನ್ನು ಬೆಳಗಿತು. ಹಿನ್ನೀರಿನಾಚೆ ಉಳಿದವರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ದೊರೆತದ್ದು 2025ರ ಜುಲೈಯಲ್ಲಿ. ಅಲ್ಲಿಯವರೆಗೆ ಲಾಂಚಿನ ದಾರಿ ಕಾಯುವುದೇ ಅವರ ಬದುಕಾಗಿತ್ತು.

ಇಂದು ರಾಜ್ಯದ ವಿದ್ಯುತ್ತು ಹೊಳೆಯಿಂದ ಮಾತ್ರ ಬರುತ್ತಿಲ್ಲ ಎಂಬುದನ್ನು ಒಪ್ಪಲೇಬೇಕು. ರಾಯಚೂರಿನ ಕಲ್ಲಿದ್ದಲು, ಕೈಗಾದ ಅಣುಶಕ್ತಿ, ಪಾವಗಡದ ಬಿಸಿಲು, ಚಿತ್ರದುರ್ಗದ ಗಾಳಿ ಎಲ್ಲವೂ ಸೇರಿವೆ. ಆದರೂ ಬೇಡಿಕೆ ಬೆಳೆದಾಗಲೆಲ್ಲ ದೃಷ್ಟಿ ಮತ್ತೆ ಕಣಿವೆಯತ್ತ ತಿರುಗುತ್ತದೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದೊಳಗೆ, 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಟ್ಟವರು ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದು, ಸೂರ್ಯವಿದ್ಯುತ್ತು ಇಳಿಯುವ ಸಂಜೆಯ ಹೊತ್ತಿನ ಬೇಡಿಕೆ. ಪಶ್ಚಿಮದ ಗಾಜಿನ ಗೋಡೆ ಕಾದು ನಿಲ್ಲುವುದೂ ಅದೇ ಸಂಜೆಯ ಹೊತ್ತಿಗೆ. ಕಣಿವೆಯನ್ನು ಉಳಿಸಿ ಎಂದು ಸಾಗರದಲ್ಲೋ ಹೊನ್ನಾವರದಲ್ಲೋ ಮೆರವಣಿಗೆ ಹೋಗುವ ನಾವು, ನಮ್ಮದೇ ಸಂಘದ ಕಟ್ಟಡಕ್ಕೆ ಕಪ್ಪು ಗಾಜು ಹಾಕಿಸಿ ಅದರ ಹಿಂದೆ ಮೂರು ಯಂತ್ರ ಓಡಿಸಿದರೆ ನಮ್ಮ ಮಾತಿಗೆ ತೂಕ ಎಲ್ಲಿಂದ ಬರಬೇಕು?

ಕನ್ನಡಿ ಗಾಜಿನ ವಿಷಯ ಬೇರೆಯಾಗಿ ಹೇಳಬೇಕು. ಅದು ಶಾಖವನ್ನು ಹಿಂದಕ್ಕೆ ಅಟ್ಟುತ್ತದೆ, ನಿಜ. ಅಟ್ಟುವುದು ಎಲ್ಲಿಗೆ? ಎದುರಿನ ಅಂಗಡಿಗೆ, ರಸ್ತೆಯ ಸವಾರನ ಕಣ್ಣಿಗೆ. 2013ರಲ್ಲಿ ಲಂಡನ್ ನಗರದ ಒಂದು ಬಾಗಿದ ಗಾಜಿನ ಗೋಪುರ ಪ್ರತಿಫಲಿಸಿದ ಬಿಸಿಲಿಗೆ ಕೆಳಗೆ ನಿಲ್ಲಿಸಿದ್ದ ಕಾರಿನ ಭಾಗಗಳೇ ಕರಗಿದವು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಚಿಂತೆ ಹಕ್ಕಿಗಳದು. ಕಟ್ಟಡದ ಎದುರಿಗೆ ಮರವಿದ್ದರೆ ಕನ್ನಡಿಯಲ್ಲೂ ಮರ ಕಾಣುತ್ತದೆ. ಹಕ್ಕಿ ಅತ್ತ ಹಾರುತ್ತದೆ. ಮಾಗಿಗೆ ವಲಸೆ ಬರುವ ನವರಂಗ, ಹಸಿರು ರೆಕ್ಕೆಯ ಕಾಡುಪಾರಿವಾಳ ಗಾಜಿಗೆ ಬಡಿದು ಬೀಳುವುದನ್ನು ಕಾಡಂಚಿನ ಶಾಲೆ, ವಸತಿಗೃಹಗಳಲ್ಲಿ ಕಂಡವರಿದ್ದಾರೆ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ದೇಶದ ಕಟ್ಟಡಗಳಿಗೆ ಬಡಿದು ಸಾಯುವ ಹಕ್ಕಿಗಳು ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಎಂದು ಅಂದಾಜಿಸಿತು. ಶಿಕಾಗೋದ ಮ್ಯಾಕ್‌ಕಾರ್ಮಿಕ್ ಪ್ಲೇಸ್ ಸಮಾವೇಶ ಭವನದ ಗಾಜಿಗೆ 2023ರ ಅಕ್ಟೋಬರಿನ ಒಂದೇ ದಿನ ಬಡಿದು ಸತ್ತವು ಸುಮಾರು ಒಂದು ಸಾವಿರ. ಮರುವರ್ಷ ಆ ಗಾಜಿಗೆ ಸಣ್ಣ ಚುಕ್ಕೆಗಳ ಹಾಳೆ ಅಂಟಿಸಿದರು; ಸಾವಿನ ಸಂಖ್ಯೆ ಶೇಕಡಾ 90ಕ್ಕೂ ಹೆಚ್ಚು ಇಳಿಯಿತು. ಕೆಡಿಸಿದ್ದೂ ಗಾಜು, ಸರಿಪಡಿಸಿದ್ದು ಗಾಜಿನ ಮೇಲಿನ ಒಂದು ಹಾಳೆ. ಆರಿಸುವವರ ವಿವೇಕವೇ ಮುಖ್ಯವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕಾನೂನು ಏನೂ ಹೇಳಿಲ್ಲವೆಂದಲ್ಲ. ಕೇಂದ್ರ ಸರ್ಕಾರದ ಇಂಧನ ಮಿತವ್ಯಯ ಕಟ್ಟಡ ಸಂಹಿತೆ 2007ರಲ್ಲಿ ಹೊರಬಂತು. ಅದರ 2017ರ ಪರಿಷ್ಕೃತ ರೂಪವು ನಿಗದಿತ ಮಾರ್ಗದಲ್ಲಿ ಕಟ್ಟುವವರಿಗೆ, ಗೋಡೆಯ ಶೇಕಡಾ 40ಕ್ಕಿಂತ ಹೆಚ್ಚು ಭಾಗ ಗಾಜಾಗಬಾರದು, ಗಾಜು ಬೆಳಕಿನ ಶೇಕಡಾ 27 ಪಾಲನ್ನಾದರೂ ಬಿಡಬೇಕು ಎಂಬ ಮಿತಿಗಳನ್ನು ಹಾಕಿತು. ಅದು ಗಮನವಿಟ್ಟದ್ದು 100 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚು ವಿದ್ಯುತ್ ಹೊರೆಯ ದೊಡ್ಡ ಕಟ್ಟಡಗಳ ಮೇಲೆ. ನಮ್ಮ ಪೇಟೆಯ ಸಂಘ, ಅಂಗಡಿ, ವಸತಿಗೃಹಗಳು ಆ ಬಲೆಗೆ ಬೀಳುವುದು ಅಪರೂಪ. ಪ್ರೊಫೆಸರ್ ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರ ವರದಿಯಲ್ಲಿ, ಘಟ್ಟ ಪ್ರದೇಶಕ್ಕೇ ಒಪ್ಪುವ, ಪರಿಸರಸ್ನೇಹಿ ಸಾಮಗ್ರಿಗಳ ಕಟ್ಟಡ ಸಂಹಿತೆಯೊಂದು ರೂಪುಗೊಳ್ಳಬೇಕೆಂದು ಸೂಚಿಸಿತ್ತು. ವರದಿಯ ಸುತ್ತ ಎದ್ದ ಧೂಳಿನಲ್ಲಿ ಈ ಸಣ್ಣ ಸೂಚನೆಯನ್ನು ಓದಿದವರು ಕಡಿಮೆ. ಸರ್ಕಾರ ಬರೆಯದಿದ್ದರೆ ಸಂಘಗಳೇ ತಮ್ಮ ಕಟ್ಟಡಕ್ಕೆ ತಾವೇ ನಿಯಮ ಬರೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಆ ನಿಯಮದಲ್ಲಿ ಇರಬೇಕಾದದ್ದು ಇಷ್ಟು. ಗಾಜು ಆದಷ್ಟು ಉತ್ತರಕ್ಕೆ ಇರಲಿ, ಪಶ್ಚಿಮಕ್ಕೆ ಬೇಡ. ಗೋಡೆಯ ಕೆಳಗಿನ ಮೂರು ಅಡಿ ಇಟ್ಟಿಗೆಯೋ ಜಂಬಿಟ್ಟಿಗೆಯ ಕಲ್ಲೋ ಆಗಿರಲಿ. ಅಲ್ಲಿಂದ ಬರುವ ಬೆಳಕು ನೆಲ ಕಾಯಿಸುವುದಕ್ಕೆ ಹೊರತು ಓದುವುದಕ್ಕೆ ಒದಗದು. ಸೂರು, ಜಗಲಿ, ಮರ ಮೊದಲು. ಗಾಜಿನ ಬಣ್ಣ ಕೊನೆಗೆ. ಕಿಟಕಿ ತೆರೆಯುವಂತಿರಲಿ, ಬಿಸಿಗಾಳಿ ಹೊರಹೋಗಲು ಮೇಲ್ಭಾಗದಲ್ಲಿ ಕಿಂಡಿ ಇರಲಿ. ಗಾಜು ಕೊಳ್ಳುವಾಗ ಬಣ್ಣ ಕೇಳುವುದಕ್ಕೆ ಮೊದಲು ಆ ಎರಡು ಸಂಖ್ಯೆಗಳನ್ನು ಬರವಣಿಗೆಯಲ್ಲಿ ಕೇಳಿ: ಬೆಳಕಿನದು ಅರ್ಧಕ್ಕಿಂತ ಕಡಿಮೆ ಆಗದಿರಲಿ, ಶಾಖದ್ದು ಎಷ್ಟು ಇಳಿದರೆ ಅಷ್ಟು ಒಳ್ಳೆಯದು. ಈಗಾಗಲೇ ಇರುವ ಗಾಜಿಗೆ ಹಾಳೆ ಅಂಟಿಸುವುದಾದರೆ ಆ ಗಾಜು ಹದಗೊಳಿಸಿದ ಟಫನ್ಡ್ ಗಾಜೋ ಸಾಧಾರಣ ಗಾಜೋ ಎಂದು ವಿಚಾರಿಸಿ. ಅರ್ಧ ನೆರಳು ಅರ್ಧ ಬಿಸಿಲು ಬೀಳುವ ಸಾಧಾರಣ ಗಾಜಿಗೆ ಶಾಖ ಹೀರುವ ಕಪ್ಪು ಹಾಳೆ ಅಂಟಿಸಿದರೆ ಅದು ಸೀಳುವುದುಂಟು. ಮರಗಳಿಗೆ ಎದುರಾದ ಗಾಜಿನ ಹೊರಮೈಗೆ ಎರಡೆರಡು ಅಂಗುಲ ಅಂತರದಲ್ಲಿ ಚುಕ್ಕೆಗಳಿರಲಿ. ಕೊನೆಯದಾಗಿ, ಬಾಗಿಲ ಗಾಜು ಎಂದೂ ಕಪ್ಪಾಗದಿರಲಿ. ಹೊರಗೆ ನಿಂತವರಿಗೆ ಒಳಗೆ ಕುಳಿತವರ ಮುಖ ಕಾಣಬೇಕು.

ಗಾಜು ಪಾಪದ ವಸ್ತುವೆಂದು ನಾವು ಹೇಳುತ್ತಿಲ್ಲ. ಕತ್ತಲೆಯ ಕಚೇರಿಗಳಲ್ಲಿ ಕಣ್ಣು ಕಿರಿದು ಮಾಡಿ ಲೆಕ್ಕ ಬರೆದ ಗುಮಾಸ್ತರ ಕಾಲವನ್ನು ಮರಳಿ ತರಬೇಕಾಗಿಯೂ ಇಲ್ಲ. ತಮ್ಮ ಊರಿನ ಸಂಸ್ಥೆಯೂ ನಗರದ ಕಟ್ಟಡದಂತೆ ಕಾಣಲಿ ಎಂಬ ಆಸೆ ಅವಮಾನದ್ದೂ ಅಲ್ಲ. ಬೆಳಕಿಗಾಗಿ ಗಾಜು ಹಾಕಿ, ಅದಕ್ಕೆ ಕಪ್ಪು ಬಳಿದು, ಕತ್ತಲೆಗೆ ದೀಪ ಹಚ್ಚಿ, ದೀಪದ ಮತ್ತು ಗಾಜಿನ ಕಾವಿಗೆ ಯಂತ್ರ ಓಡಿಸುವ ಈ ಸುತ್ತನ್ನು ಮಾತ್ರ ನಾವು ಪ್ರಶ್ನಿಸುತ್ತಿದ್ದೇವೆ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ನಿಮ್ಮ ಪೇಟೆಯಲ್ಲಿ ಗಾಜಿನ ಮುಂಭಾಗವಿರುವ ಹತ್ತು ಕಟ್ಟಡಗಳನ್ನು ಗುರುತಿಸಿ. ಗಾಜು ಯಾವ ದಿಕ್ಕಿಗಿದೆ, ನಡುಹಗಲಿನಲ್ಲಿ ಎಷ್ಟು ದೀಪ ಉರಿಯುತ್ತಿವೆ, ಎಷ್ಟು ಹವಾನಿಯಂತ್ರಕಗಳಿವೆ, ಕಿಟಕಿ ತೆರೆಯಲು ಬರುತ್ತದೆಯೇ ಎಂದು ಬರೆದಿಡಿ. ಒಂದು ಸಾಧಾರಣ ತಾಪಮಾಪಕದಿಂದ ಒಳಗಿನ ಕಾವನ್ನೂ ಎದುರಿನ ಹಂಚಿನ ಜಗಲಿಯ ಕಾವನ್ನೂ ಅಳೆಯಿರಿ. ಬರೆದುದನ್ನು ನಮಗೆ ಕಳುಹಿಸಿದರೆ ಈ ಪುಟಗಳಲ್ಲಿ ಪ್ರಕಟಿಸುತ್ತೇವೆ.

ಸಂಘದ ಸದಸ್ಯರಾದ ಕೃಷಿಕ ಬಂಧುಗಳಲ್ಲಿ ಇನ್ನೊಂದು. ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಲಾಭಾಂಶದ ಬಗ್ಗೆ ಕೇಳುವಂತೆ ಕಟ್ಟಡದ ವಿದ್ಯುತ್ ಬಿಲ್ಲಿನ ಬಗ್ಗೆಯೂ ಕೇಳಿ. ಹೊಸ ಕಟ್ಟಡದ ನಕ್ಷೆಯನ್ನು ಮಂಜೂರಾತಿಗೆ ಮುನ್ನ ಸಭೆಯ ಮುಂದಿಡಲು ಒತ್ತಾಯಿಸಿ. ಗಾಜಿನ ತುಂಡುಗಳನ್ನು ಸಮಿತಿಯ ಮೇಜಿನ ಮೇಲೆ ಹರಡುವ ಹೊತ್ತಿಗೆ ದಿಕ್ಕು, ಸೂರು, ಗೋಡೆ ಎಲ್ಲವೂ ತೀರ್ಮಾನವಾಗಿ ಹೋಗಿರುತ್ತವೆ. ಮಾತನಾಡಬೇಕಾದದ್ದು ಅದಕ್ಕಿಂತ ಮೊದಲು.

ಐದು ತುಂಡುಗಳನ್ನು ತಂದಿದ್ದ ಆ ಸದಸ್ಯರು ಅವನ್ನು ಚೀಲಕ್ಕೆ ತುಂಬಿಕೊಂಡು ಎದ್ದಾಗ, ಕಟ್ಟಡದ ಮುಂದೆ ಜಗಲಿಗೆ ಜಾಗ ಬಿಡಿಸಲು ಇನ್ನೂ ಸಮಯವಿದೆಯೇ ಎಂದು ಕೇಳಿದೆವು. ತಳಪಾಯ ಇನ್ನೂ ತೆಗೆದಿಲ್ಲ ಎಂದರು. ಹಾಗಿದ್ದರೆ ಸಮಯವಿದೆ.